ಪೂಜೆಗಿಡದ ಪುಸ್ತಕಗಳು

"ಅದು ಪುಸ್ತಕ ಅಲ್ಲ ಅಲ್ವಾ ಮಾರಾಯ್ತಿ, ಚಿತ್ರದ್ದು. ಓದಲಿಕ್ಕೆ ಅಡ್ಡಿಯಿಲ್ಲ" ಎಂದು ಅಮ್ಮ ಹೇಳಿದ್ದು ಕಳೆದ ಶನಿವಾರ ಬೆಳಿಗ್ಗೆ, ಕೈಯಲ್ಲಿ ಸೇವಂತಿಗೆ ಮಾಲೆ ಹಿಡಿದುಕೊಂಡು, ನನ್ನ ಮುಖವನ್ನೂ ನೋಡದೆ. ಬೆಂಗಳೂರಿಗೆ ಮರಳಿ ಎರಡು ದಿನಗಳಾದವು. ಕೆಲಸದ ನಡುವೆ, ಬಸ್ಸಿನಲ್ಲಿ, ಒಗ್ಗರಣೆ ಹಾಕುವಾಗ ಆ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ.

ಕಾರ್ಕಳದ ನಮ್ಮ ಮನೆಯಲ್ಲಿ ನವರಾತ್ರಿಯ ಸಪ್ತಮಿಯಂದು ಪುಸ್ತಕಗಳನ್ನು ಪೂಜೆಗಿಟ್ಟರೆ, ದಶಮಿಯಂದು ತೆಗೆಯುವವರೆಗೆ ಯಾರೂ ಓದುವಂತಿಲ್ಲ, ಬರೆಯುವಂತಿಲ್ಲ. ಚಿಕ್ಕಂದಿನಲ್ಲಿ ಇದಕ್ಕಿಂತ ದೊಡ್ಡ ವರ ಬೇರೆ ಇರಲಿಲ್ಲ. ನಲವತ್ತಾರರ ವಯಸ್ಸಿನಲ್ಲಿ, ಶನಿವಾರದಿಂದ ಮಂಗಳವಾರದವರೆಗೆ ನಾಲ್ಕು ದಿನಗಳ ರಜೆ ಒಟ್ಟಿಗೆ ಸಿಕ್ಕಿರುವಾಗ, ಅದೇ ನಿಯಮ ಕಾಲಿಗೆ ತೊಡರಿದ ಹಾಗಾಗುತ್ತದೆ. ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ಮೂರು ವರ್ಷಗಳಿಂದ ಕೊಂಡು, ಓದದೆ, ಮಂಚದ ಪಕ್ಕದಲ್ಲಿ ಒಟ್ಟಿಕೊಂಡಿದ್ದ ಕಾಮಿಕ್ಸ್ ಮತ್ತು ಗ್ರಾಫಿಕ್ ಕಾದಂಬರಿಗಳನ್ನು ಈ ಸಲ ಓದಿ ಮುಗಿಸಲೇಬೇಕೆಂದು ಬಟ್ಟೆಚೀಲಕ್ಕೆ ತುಂಬಿಕೊಂಡು ಹೋಗಿದ್ದೆ. ನಿಯಮ ನೆನಪಾದದ್ದು ಅಮ್ಮ ಚಾವಡಿಯಲ್ಲಿ ಮಣೆ ಹಾಕಿ ರಂಗೋಲಿ ಬಿಡಿಸುವುದನ್ನು ಕಂಡ ಮೇಲೆ. ಮಣೆಯ ಮೇಲೆ ಮೊದಲು ಗದುಗಿನ ಭಾರತ, ಅದರ ಮೇಲೆ ಭಾಗವತ, ಪಂಚಾಂಗ, ನನ್ನ ಮಗನ ಒಂಬತ್ತನೆಯ ತರಗತಿಯ ಗಣಿತ, ಎಲ್ಲಕ್ಕಿಂತ ಮೇಲೆ ನಾಲ್ಕು ವರ್ಷಗಳ ಹಿಂದೆ ತೀರಿಕೊಂಡ ಅಪ್ಪನ ಅಡಿಕೆ ಲೆಕ್ಕದ ಉದ್ದನೆಯ ಪುಸ್ತಕ. ವಿಧಿಯಿಲ್ಲವೆಂದು ನನ್ನ ಚೀಲವನ್ನೂ ತಂದು ಮಣೆಯ ಪಕ್ಕದಲ್ಲಿಟ್ಟೆ. ಅಮ್ಮ ಮೇಲಿದ್ದ ಒಂದನ್ನು ತೆಗೆದು, ಎರಡು ಹಾಳೆ ಮಗುಚಿ, ಮತ್ತೆ ಚೀಲಕ್ಕೇ ಸೇರಿಸಿ, ಆ ಮಾತು ಹೇಳಿದಳು.

ಲಾಭವಾದದ್ದು ನನಗೇ. ಆದರೂ ಸಣ್ಣಗೆ ಅವಮಾನವಾಯಿತು. ಅಡಿಕೆ ಲೆಕ್ಕಕ್ಕೆ ಸಿಕ್ಕ ಹೂವು ನನ್ನ ಚೀಲಕ್ಕೆ ಸಿಗಲಿಲ್ಲವಲ್ಲ ಎಂದು.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಮೊದಲು ತೆರೆದದ್ದು ಆರ್ಟ್ ಸ್ಪೀಗಲ್‌ಮನ್ನನ 'ಮೌಸ್'. ನಾಜಿಗಳ ಸೆರೆಶಿಬಿರದಿಂದ ಬದುಕಿ ಬಂದ ತಂದೆಯ ಕಥೆಯನ್ನು ಮಗ ಕೇಳಿಸಿಕೊಂಡು, ಯಹೂದಿಗಳನ್ನು ಇಲಿಗಳಾಗಿಯೂ ಜರ್ಮನರನ್ನು ಬೆಕ್ಕುಗಳಾಗಿಯೂ ಬರೆದ ಆ ಕೃತಿಗೆ 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂದಿತ್ತು. ಚಿತ್ರದ ಪುಸ್ತಕವೆಂದು ಮೂಗು ಮುರಿಯುತ್ತಿದ್ದವರ ಬಾಯಿ ಅಂದಿನಿಂದ ಸ್ವಲ್ಪ ಕಟ್ಟಿತು ಎನ್ನುತ್ತಾರೆ. ನಮ್ಮ ಜಗಲಿಗೆ ಆ ಸುದ್ದಿ ಇನ್ನೂ ತಲುಪಿದಂತಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಶಿಬಿರದ ಪುಟಗಳಿಗಿಂತ ಹೆಚ್ಚಾಗಿ, ನ್ಯೂಯಾರ್ಕಿನಲ್ಲಿ ಮುದುಕನಾದ ಆ ತಂದೆ ಬೀದಿಯಲ್ಲಿ ಬಿದ್ದ ತಂತಿಯ ತುಂಡನ್ನು ಎತ್ತಿಕೊಳ್ಳುವ, ಅರ್ಧ ಖಾಲಿಯಾದ ತಿಂಡಿ ಪೊಟ್ಟಣಗಳನ್ನು ಅಂಗಡಿಗೆ ಮರಳಿಸಲು ಹೋಗುವ ಪುಟಗಳು. ನಮ್ಮಪ್ಪ ಯಾವ ಯುದ್ಧವನ್ನೂ ಕಂಡವನಲ್ಲ, ಆದರೂ ಪೊಟ್ಟಣ ಕಟ್ಟಿದ ದಾರವನ್ನು ಬಿಚ್ಚಿ ಉಂಡೆ ಸುತ್ತಿಡುತ್ತಿದ್ದ; ಆ ಉಂಡೆ ಈಗಲೂ ಅಟ್ಟದ ಮೇಲಿದೆ. ಮಗ ತಂದೆಯ ಜಿಪುಣತನವನ್ನು ಮರೆಮಾಚದೆ ಬರೆದದ್ದು ನನಗೆ ಮೆಚ್ಚುಗೆಯಾಯಿತು. ನನ್ನಿಂದ ಅದು ಸಾಧ್ಯವಾಗುತ್ತಿರಲಿಲ್ಲ. ತೀರಿಕೊಂಡ ಅಪ್ಪಂದಿರನ್ನು ನಾವು ಬೇಗನೆ ದೇವರ ಪಟದ ಸಾಲಿಗೆ ಸೇರಿಸಿಬಿಡುತ್ತೇವೆ.

ಇರಾನಿನ ಕ್ರಾಂತಿಯನ್ನು ಹುಡುಗಿಯೊಬ್ಬಳ ಕಣ್ಣಿನಲ್ಲಿ ಕಂಡ, ಬರೀ ಕಪ್ಪುಬಿಳುಪಿನ 'ಪರ್ಸೆಪೊಲಿಸ್' ಅನ್ನು ಅಂದು ರಾತ್ರಿಯೇ ಮುಗಿಸಿದೆ. ಮಗ ತಂದಿದ್ದ ಜಪಾನಿನ ಮಾಂಗಾ ಮಾತ್ರ ನನಗೆ ಒಗ್ಗಲಿಲ್ಲ. ನಾಲ್ಕು ಪುಟ ಓದಿಯೂ ತಲೆಬುಡ ತಿಳಿಯದಿದ್ದಾಗ ಅವನು ಬಂದು, "ಅಮ್ಮಾ, ನೀನು ಕೊನೆಯಿಂದ ಶುರು ಮಾಡಿದೀಯ, ಅದನ್ನ ಬಲಗಡೆಯಿಂದ ಓದಬೇಕು" ಎಂದು ಪುಸ್ತಕವನ್ನು ಮಗುಚಿಟ್ಟು ಹೋದ.

ಭಾನುವಾರ ಅಟ್ಟ ಹತ್ತಿ ಹಳೆಯ ಪೆಟ್ಟಿಗೆ ಇಳಿಸಿದೆವು. ಅಪ್ಪ ಬೈಂಡ್ ಮಾಡಿಸಿದ್ದ ಅಮರ ಚಿತ್ರಕಥೆಗಳು, ಅಂಚು ತಿಂದುಹೋದ ಬಾಲಮಂಗಳ ಮಕ್ಕಳ ಪತ್ರಿಕೆಗಳು, ಅದರೊಳಗೆ ಚಿತ್ರಕಥೆಯ ನಾಯಕ, ನನ್ನ ಡಿಂಗ. ಅಮರ ಚಿತ್ರಕಥೆಯನ್ನು ಕಟ್ಟಿ ಬೆಳೆಸಿದ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿಯೇ, 1929ರಲ್ಲಿ. ಈ ಊರಿನ ಮಕ್ಕಳಿಗೆ ಗೊಮ್ಮಟನ ಎತ್ತರ ಗೊತ್ತು, ಇದು ಗೊತ್ತಿಲ್ಲ. ಇನ್ನೊಂದು ಸಂಗತಿ ಕನ್ನಡಿಗರಿಗೂ ಮರೆತುಹೋಗಿದೆ: ಆ ಮಾಲೆ ಮೊದಲು ಕಣ್ಣು ಬಿಟ್ಟದ್ದು ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ 1965ರಲ್ಲಿ ಪಾಶ್ಚಾತ್ಯ ಕಿನ್ನರಕಥೆಗಳನ್ನು ಕನ್ನಡ ಚಿತ್ರಕಥೆಗಳಾಗಿ ತಂದರು. ಮೊದಲ ಹತ್ತು ಸಂಖ್ಯೆಗಳು ಆ ಕಥೆಗಳಿಗೆ ಹೋದುದರಿಂದಲೇ ಪೈ ಅವರ ಕೃಷ್ಣನಿಗೆ ಹನ್ನೊಂದನೆಯ ಸಂಖ್ಯೆ ಸಿಕ್ಕಿತು. ಇದನ್ನು ಅಮ್ಮನಿಗೆ ಹೇಳಿದೆ. "ಹೌದಾ?" ಎಂದಳು, ಸೌಜನ್ಯಕ್ಕೆ.

ಆಗ ನೆನಪಾಯಿತು, ಅಮ್ಮನ ಈ ತೀರ್ಪು ಹೊಸದಲ್ಲ. ನಾನು ಶಾಲೆಗೆ ಹೋಗುತ್ತಿದ್ದಾಗಲೂ ಇದೇ ಮೂರು ದಿನ ಇದೇ ಜಗಲಿಯಲ್ಲಿ ಅಮರ ಚಿತ್ರಕಥೆ ಓದಲು ಅಪ್ಪಣೆಯಿತ್ತು. ಅಕ್ಷರದಲ್ಲಿ ಬಂದ ಕೃಷ್ಣ ಮಣೆಯ ಮೇಲೆ ಪಟ್ಟೆವಸ್ತ್ರ ಹೊದ್ದು ಕುಳಿತಿರುವಾಗ, ಬಣ್ಣದಲ್ಲಿ ಬಂದ ಕೃಷ್ಣ ನನ್ನ ತೊಡೆಯ ಮೇಲೆ ಚಕ್ಕುಲಿ ಚೂರಿನ ಜೊತೆ ಬಿದ್ದಿರುತ್ತಿದ್ದ. ಕಥೆ ಒಂದೇ, ಆದರೆ ಕಷ್ಟಪಟ್ಟು ಓದಬೇಕಾದದ್ದು ಮಾತ್ರ ವಿದ್ಯೆ, ಸಲೀಸಾಗಿ ಒಳಗಿಳಿಯುವುದು ಆಟ. ಈಗ ತಿರುವಿ ಹಾಕಿದರೆ ಆ ಸಲೀಸುತನದ ಬಗ್ಗೆ ನನಗೂ ಅನುಮಾನ ಬರುತ್ತದೆ. ಅಸುರರೆಲ್ಲ ಕಪ್ಪು, ದಪ್ಪ ತುಟಿ, ಋಷಿಗಳೆಲ್ಲ ಬಿಳುಪು. ಯಾವ ಪಾಠವೂ ಕಲಿಸದಷ್ಟು ಗಟ್ಟಿಯಾಗಿ ಇದನ್ನು ನಾನು ಆ ಪುಟಗಳಿಂದ ಕಲಿತಿದ್ದೇನೆ, ಕಲಿಯುತ್ತಿದ್ದೇನೆಂದು ಗೊತ್ತಿಲ್ಲದೆ.

ಸೋಮವಾರ ಆಯುಧಪೂಜೆಗೆ ಚಿಕ್ಕಪ್ಪ ಬಂದರು. ಕಾರಿಗೆ ಬೂದುಗುಂಬಳ ಒಡೆಸಿ, ಮೂರು ಕೊಟ್ಟೆಕಡುಬು ತಿಂದು, ಮಾಂಗಾ ಹಿಡಿದು ಮಲಗಿದ್ದ ನನ್ನ ಮಗನನ್ನು ನೋಡಿ, "ಬುದ್ಧಿ ಬೆಳೆಯುವಂಥದ್ದು ಏನಾದರೂ ಓದೋ" ಎಂದರು. ಆಮೇಲೆ ಇಡೀ ಮಧ್ಯಾಹ್ನ ಮೊಬೈಲಿನಲ್ಲಿ ಅರ್ಧರ್ಧ ನಿಮಿಷದ ವಿಡಿಯೊಗಳನ್ನು ಊರಿಗೆಲ್ಲ ಕೇಳುವ ಹಾಗೆ ಹಚ್ಚಿಕೊಂಡು ಕುಳಿತರು. ಒಳ್ಳೆಯ ಮನುಷ್ಯರೇ, ಆದರೆ ಅವರು ಕೊನೆಯ ಬಾರಿ ಪುಸ್ತಕ ಹಿಡಿದದ್ದು ಯಾವಾಗ ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇಲ್ಲ.

ಅವರ ಸದ್ದಿನಿಂದ ತಪ್ಪಿಸಿಕೊಳ್ಳಲು ಹಿತ್ತಿಲ ಕಡೆಯ ಮೆಟ್ಟಿಲಿಗೆ ಹೋಗಿ ಚೀಲದ ತಳದಲ್ಲಿದ್ದ 'ಭೀಮಾಯಣ' ತೆಗೆದೆ. ನವಯಾನ ಪ್ರಕಾಶನ 2011ರಲ್ಲಿ ಇಂಗ್ಲಿಷಿನಲ್ಲಿ ತಂದ ಪುಸ್ತಕ ಅದು. ಅಂಬೇಡ್ಕರರು ತಮಗಾದ ಅಸ್ಪೃಶ್ಯತೆಯ ಅನುಭವಗಳನ್ನು ಬರೆದಿಟ್ಟದ್ದನ್ನು ಆಧರಿಸಿ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಕಥೆ ಹೆಣೆದಿದ್ದಾರೆ. ಚಿತ್ರ ಬರೆದವರು ಪರಧಾನ್ ಗೊಂಡ ಬುಡಕಟ್ಟಿನ ಕಲಾವಿದ ದಂಪತಿ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಕಾಮಿಕ್ಸ್ ಎಂದರೆ ಚೌಕಗಳು ಎಂದುಕೊಂಡ ನಮ್ಮಂಥವರಿಗೆ ಇದು ಮೊದಲು ದಿಕ್ಕು ತಪ್ಪಿಸುತ್ತದೆ. ಪಾತ್ರಗಳನ್ನು ಪೆಟ್ಟಿಗೆಯೊಳಗೆ ಕೂಡಿಹಾಕಿದರೆ ಉಸಿರು ಕಟ್ಟುತ್ತದೆ ಎಂದು ಆ ದಂಪತಿ ಚೌಕಗಳನ್ನೇ ಒಲ್ಲೆನೆಂದರಂತೆ. ರೈಲು ಹಾವಾಗಿ ಹರಿಯುತ್ತದೆ. ಮನುಷ್ಯರ ಮೈಮೇಲೆ ಸಣ್ಣ ಸಣ್ಣ ಗೆರೆಗಳ, ಚುಕ್ಕಿಗಳ ನೇಯ್ಗೆ. ಮೃದುವಾದ ಮಾತು ಹಕ್ಕಿಯ ಆಕಾರದ ಗುಳ್ಳೆಯಲ್ಲಿ ಬರುತ್ತದೆ. ಚುಚ್ಚುವ ಮಾತಿನ ಗುಳ್ಳೆಗೆ ಚೇಳಿನ ಬಾಲ.

ಅಮ್ಮ ಹಾಲು ಕಾಯಿಸಲಿಟ್ಟು ಬಂದು ನನ್ನ ಪಕ್ಕದ ಮೆಟ್ಟಿಲಿನಲ್ಲಿ ಕುಳಿತಳು. ಅವಳಿಗೆ ಇಂಗ್ಲಿಷ್ ಬಸ್ಸಿನ ಬೋರ್ಡ್ ಓದುವಷ್ಟು ಮಾತ್ರ ಬರುತ್ತದೆ. ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡು, ಪುಟದ ಮೇಲೆ ಬೆರಳಿಟ್ಟು, "ಈ ಹುಡುಗ ಯಾಕೆ ಮೀನಾಗಿದ್ದಾನೆ?" ಎಂದು ಕೇಳಿದಳು. ಬಾಲಕ ಭೀಮನ ಒಡಲು ಅಲ್ಲಿ ಮೀನಿನ ರೂಪ ತಾಳಿತ್ತು.

"ಬಾಯಾರಿಕೆ ಆಗಿದೆ ಅವನಿಗೆ."

"ಕೊಡ್ಲಿಲ್ವಾ ನೀರು?"

"ಶಾಲೆಯ ಜವಾನ ಬಂದು ನಲ್ಲಿ ತಿರುಗಿಸಿದರೆ ಮಾತ್ರ. ಇವನು ಮುಟ್ಟುವ ಹಾಗಿಲ್ಲ."

ಅಮ್ಮ ಪುಸ್ತಕವನ್ನು ತನ್ನ ತೊಡೆಗೆ ಎಳೆದುಕೊಂಡಳು. ಒಂದೊಂದೇ ಪುಟ ಮಗುಚುತ್ತಾ ಹೋದಳು. ನಾನು ಅರ್ಥ ಹೇಳಲು ಹೋದರೆ "ಇರು" ಎಂದಳು. ಚೇಳಿನ ಬಾಲದ ಗುಳ್ಳೆ ಬಂದಾಗಲೆಲ್ಲ, ಒಳಗಿನ ಅಕ್ಷರ ತಿಳಿಯದಿದ್ದರೂ, ಅವಳ ಬೆರಳು ಅಲ್ಲಿ ನಿಲ್ಲುತ್ತಿತ್ತು. ಅಂಬೇಡ್ಕರರು ಮಾತಾಡುವಾಗ ಧ್ವನಿವರ್ಧಕಗಳಿಂದ ನೀರು ಚಿಮ್ಮುವ ಚಿತ್ರವನ್ನು ನೋಡಿ "ಹಾ" ಎಂದಳು, ಯಾರೋ ಹೇಳಿದ್ದು ಅರ್ಥವಾದಾಗ ಎನ್ನುವ ಹಾಗೆ. ಮೂವತ್ತು ವರ್ಷಗಳಲ್ಲಿ ನಾನು ಆ ಮನೆಗೆ ಹೊತ್ತ ಪುಸ್ತಕಗಳಲ್ಲಿ ಒಂದನ್ನೂ ಅಮ್ಮ ಹೀಗೆ ನನ್ನ ಕೈಯಿಂದ ಕಿತ್ತುಕೊಂಡಿರಲಿಲ್ಲ.

ಅರ್ಧಕ್ಕೆ ನಿಲ್ಲಿಸಿ, ಬಾವಿಯ ಕಡೆ ನೋಡುತ್ತಾ ಹೇಳಿದಳು: "ನಮ್ಮಲ್ಲಿಯೂ ಗೆರಟೆ ಇತ್ತು. ಗದ್ದೆ ಕೆಲಸಕ್ಕೆ ಬರುವವರಿಗೆ. ಅತ್ತೆ ಅದನ್ನು ದಾಸವಾಳದ ಗಿಡದ ಬುಡದಲ್ಲಿ ಕವುಚಿ ಇಡ್ತಿದ್ರು. ಮದುವೆಯಾಗಿ ಬಂದ ಹೊಸತರಲ್ಲಿ ನಾನೂ ಅದಕ್ಕೆ ಎರೆದಿದ್ದೇನೆ. ಮೇಲಿನಿಂದ."

ನನ್ನ ಅಜ್ಜಿ ಊರಿನಲ್ಲಿ ಅನ್ನಪೂರ್ಣೆ ಎಂದು ಹೆಸರಾದವಳು. ಬಂದವರಿಗೆ ಊಟ ಹಾಕದೆ ಕಳುಹಿಸಿದವಳಲ್ಲ ಎಂದು ಅವಳ ಶ್ರಾದ್ಧದ ದಿನ ಈಗಲೂ ಹೇಳುತ್ತಾರೆ. ಸುಳ್ಳಲ್ಲ, ಹಾಕುತ್ತಿದ್ದಳು. ಎಲ್ಲಿ ಕುಳ್ಳಿರಿಸಿ, ಯಾವುದರಲ್ಲಿ ಹಾಕುತ್ತಿದ್ದಳು ಎಂಬ ಭಾಗ ಮಾತ್ರ ಆ ಕಥೆಯಲ್ಲಿ ಬರುವುದಿಲ್ಲ. ಗೆರಟೆ ಎಂದರೆ ಏನೆಂದು ನನಗೆ ಗೊತ್ತಿತ್ತು: ಮುಟ್ಟಬಾರದವರೆಂದು ದೂರವಿಟ್ಟವರಿಗೆ ಕುಡಿಯಲು ಎರೆಯುತ್ತಿದ್ದ ತೆಂಗಿನ ಕರಟ. ಕಾಲೇಜಿನಲ್ಲಿ ಇದರ ಬಗ್ಗೆ ಚರ್ಚಾಸ್ಪರ್ಧೆಯಲ್ಲಿ ಮಾತಾಡಿ ಬಹುಮಾನವನ್ನೂ ತಂದಿದ್ದೆ. ಅದು ನಮ್ಮ ದಾಸವಾಳದ ಬುಡದಲ್ಲಿತ್ತೆಂದು ಗೊತ್ತಿರಲಿಲ್ಲ. ಬಹುಮಾನದ ಲೋಟವನ್ನು ಅಮ್ಮ ಅಂದು ಷೋಕೇಸಿನಲ್ಲಿಟ್ಟಿದ್ದಳು, ಒಂದು ಮಾತೂ ಆಡದೆ. ಆಗ ನಾನು ಓದಿ ಹೇಳಿದ ಭಾಷಣದಲ್ಲಿ ಅವಳಿಗೆ ಪ್ರವೇಶವಿರಲಿಲ್ಲ ಎಂದು ಈಗ ಅನಿಸುತ್ತದೆ. ದೊಡ್ಡ ದೊಡ್ಡ ಪದಗಳಿದ್ದವು, ಬಾಯಾರಿದ ಹುಡುಗನೊಬ್ಬ ಇರಲಿಲ್ಲ. ಇದನ್ನು ಯೋಚಿಸುತ್ತಿರುವಾಗ ಒಲೆಯ ಮೇಲಿನ ಹಾಲು ಉಕ್ಕಿತು. ಅಮ್ಮ ಎದ್ದು ಓಡಿದಳು.

ಮಂಗಳವಾರ ದಶಮಿ. ಮಣೆಯಿಂದ ಪುಸ್ತಕ ತೆಗೆದು, ಕುಂಕುಮ ಹಚ್ಚಿ, ಎಲ್ಲರೂ ನಾಲ್ಕು ಸಾಲು ಓದುವುದು ಪದ್ಧತಿ. ಮಗ ಗಣಿತದ ಪ್ರಮೇಯ ಓದಿದ. ನಾನು ಭಾರತದ ಒಂದು ಷಟ್ಪದಿ ಓದಿದೆ. ಅಮ್ಮ ಅಪ್ಪನ ಲೆಕ್ಕದ ಪುಸ್ತಕ ತೆರೆದು, ಯಾವುದೋ ವರ್ಷದ ಗೊಬ್ಬರದ ಬಾಬ್ತು ಓದಿದಳು. ಅಂದು ರಾತ್ರಿಯ ಬಸ್ಸಿಗೆ ಹೊರಡುವಾಗ ಚೀಲ ಹಗುರವಾಗಿತ್ತು. 'ಭೀಮಾಯಣ' ಅಮ್ಮನ ತಲೆದಿಂಬಿನ ಪಕ್ಕದಲ್ಲಿತ್ತು. ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನಿನ್ನೆ ರಾತ್ರಿ ಫೋನ್ ಮಾಡಿದಳು. ಊಟವಾಯಿತೇ, ಮಳೆ ಬಂತೇ ಎಂದೆಲ್ಲ ಆದ ಮೇಲೆ, "ಆ ಮಕ್ಕಳ ಅಪ್ಪ ಸ್ಟೇಷನ್ನಿಗೆ ಯಾಕೆ ಬರ್ಲಿಲ್ಲ?" ಎಂದಳು. 'ಭೀಮಾಯಣ'ದಲ್ಲಿ, ಮಸೂರಿನ ರೈಲು ನಿಲ್ದಾಣದಲ್ಲಿ ಹೊಸ ಬಟ್ಟೆ ತೊಟ್ಟು ಅಪ್ಪನಿಗಾಗಿ ಕಾದು ಕುಳಿತ ಬಾಲಕ ಭೀಮ ಮತ್ತವನ ಜೊತೆಯ ಮಕ್ಕಳನ್ನೇ ಕುರಿತು ಕೇಳುತ್ತಿದ್ದಾಳೆಂದು ತಿಳಿಯಲು ನನಗೆ ಒಂದು ಕ್ಷಣ ಹಿಡಿಯಿತು. ಅಂಬೇಡ್ಕರರು ತಾವೇ ಬರೆದದ್ದು ನೆನಪಿತ್ತು. ಕಾಗದ ಬಂದಿತ್ತು, ಆದರೆ ಕೆಲಸದವನು ಅದನ್ನು ಅಪ್ಪನಿಗೆ ಕೊಡಲು ಮರೆತಿದ್ದ ಎಂದು ಹೇಳಿದೆ. ಗಾಡಿಯವನು ಇಮ್ಮಡಿ ಬಾಡಿಗೆ ಪಡೆದೂ ಗಾಡಿ ಹೊಡೆಯಲು ಒಪ್ಪಲಿಲ್ಲ, ಮಕ್ಕಳೇ ಹೊಡೆದುಕೊಂಡು ಹೋದರು, ಅವನು ಪಕ್ಕದಲ್ಲಿ ನಡೆದು ಬಂದ ಎಂದೂ ಹೇಳಿದೆ.

"ಅದು ಗೊತ್ತಾಯಿತು, ಚಿತ್ರದಲ್ಲಿ ಉಂಟಲ್ಲ" ಎಂದಳು. ಸ್ವಲ್ಪ ತಡೆದು, "ಬುತ್ತಿ ಕಟ್ಟಿಕೊಂಡು ಹೋಗಿದ್ದರಾ?"

"ಹೋಗಿದ್ದರು. ನೀರು ಸಿಗದೆ ಉಣ್ಣಲಾಗಲಿಲ್ಲ. ಹಾಗೆಯೇ ಮಲಗಿದರು."

ಆಚೆಯಿಂದ ಮಾತಿಲ್ಲ. ಹಾಳೆ ಮಗುಚುವ ಸದ್ದು ಕೇಳಿಸಿತು.