ತೂಕದ ಪುಸ್ತಕದ ಜೊತೆ ಎಂಟು ವಾರ

ವಾರ 1

ಬಿಡುವಿನ ವೇಳೆಯಲ್ಲಿ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡ ಕೆಲಸ ಇದು. ಸಮುದಾಯದವರೇ ಸೇರಿ ನಡೆಸುತ್ತಿರುವ ಮಕ್ಕಳ ಪೌಷ್ಟಿಕತೆ ಕಾರ್ಯಕ್ರಮ. ತಿಂಗಳಿಗೊಮ್ಮೆ ಮಕ್ಕಳ ತೂಕ, ಎತ್ತರ, ತೋಳಿನ ಸುತ್ತಳತೆ ನೋಡುತ್ತಾರೆ. ಆಮೇಲೆ ತಾಯಂದಿರಿಗೆ ಊಟದ ಬಗ್ಗೆ ಸಲಹೆ. ಎಲ್ಲ ಮುಗಿದ ಮೇಲೆ ದಪ್ಪ ವರದಿ ಬರೆಯುವುದು ಬೇಡ, ನಡೆಯುತ್ತಿರುವಾಗಲೇ ಎಡವಟ್ಟು ಹುಡುಕಿ ಸರಿಮಾಡೋಣ ಎಂದು ಮಾತಾಯಿತು. ಬಸಿರಿನಿಂದ ಎರಡನೇ ಹುಟ್ಟುಹಬ್ಬದವರೆಗಿನ ಸುಮಾರು 1000 ದಿನ ಬೆಳವಣಿಗೆಗೆ ಮುಖ್ಯ ಅಂತಾರಲ್ಲ. ವರದಿ ಕೈಗೆ ಬರುವಷ್ಟರಲ್ಲಿ ಅದರಲ್ಲಿರುವ ಮಕ್ಕಳು ಆ ವಯಸ್ಸು ದಾಟಿರುತ್ತಾರೆ.

ಈ ವಾರ ಬರೀ ಟೈಪಿಂಗ್. ಪುಸ್ತಕದಿಂದ ಎಕ್ಸೆಲ್‌ಗೆ.

ವಾರ 2

ಮಕ್ಕಳ ಬಗ್ಗೆ ಏನಾದರೂ ಕಾಣಬಹುದು ಅಂದುಕೊಂಡಿದ್ದೆ. ಕಂಡಿದ್ದು ಅಳೆಯುವವರ ಅಭ್ಯಾಸ. ತೋಳಿನ ಅಳತೆ ಮಿಲಿಮೀಟರ್‌ನಲ್ಲಿ ಬರೆಯುತ್ತಾರೆ. ಸರಿಯಾಗಿ ಓದಿದ್ದರೆ ಕೊನೆಯ ಅಂಕಿ 0ಯಿಂದ 9ರವರೆಗೆ ಹೆಚ್ಚುಕಡಿಮೆ ಸಮನಾಗಿ ಬರಬೇಕು. ಇಲ್ಲಿ ಎಲ್ಲಿ ನೋಡಿದರೂ 0 ಮತ್ತು 5. ಅಂದರೆ ಓದಿದ್ದನ್ನು ಹತ್ತಿರದ 0ಗೋ 5ಕ್ಕೋ ಸರಿಸಿ ಬರೆಯುತ್ತಿದ್ದಾರೆ.

ಎರಡು ಮಿಲಿಮೀಟರ್ ತಾನೇ ಅನ್ನಬೇಡಿ. 6ರಿಂದ 59 ತಿಂಗಳ ಮಕ್ಕಳಲ್ಲಿ 115ಕ್ಕಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ, ಅಲ್ಲಿಂದ 125ರ ಒಳಗಿದ್ದರೆ ಮಧ್ಯಮ. ಎರಡೂ ಗಡಿಗಳು 5ರಲ್ಲೇ ಮುಗಿಯುತ್ತವೆ! 113 ಇದ್ದ ಮಗುವಿಗೆ 115 ಎಂದು ಬರೆದರೆ ಅದು ತೀವ್ರ ಪಟ್ಟಿಯಿಂದಲೇ ಹೊರಗೆ. 123 ಇದ್ದದ್ದು 125 ಆದರೆ ಮಗು 'ಚೆನ್ನಾಗಿದೆ'.

ವಾರ 3

ಅಳತೆ ಎಷ್ಟು ಸರಿಯಿದೆ ಎಂದು ನೋಡಲು ಒಂದು ಅಭ್ಯಾಸ ಮಾಡಿಸಿದೆ: ಹತ್ತು ಮಕ್ಕಳು, ಅಳೆಯುವ ಪ್ರತಿಯೊಬ್ಬರೂ ಎಲ್ಲ ಮಕ್ಕಳನ್ನೂ ಎರಡೆರಡು ಸಲ ಅಳೆಯಬೇಕು, ಮೊದಲು ಬರೆದದ್ದನ್ನು ನೋಡುವಂತಿಲ್ಲ. ಸಮೀಕ್ಷೆಗೆ ಹೋಗುವ ಮುಂಚೆ ಮಾಡಿಸುವ ಹಳೆಯ ಕ್ರಮ ಇದು. ನಾನು ಅದನ್ನು ಪರೀಕ್ಷೆಯ ಥರ ಶುರು ಮಾಡಿ ಎಲ್ಲರನ್ನೂ ಹೆದರಿಸಿಬಿಟ್ಟೆ. ಮುಜುಗರ ಆಗಿ ನಾನೂ ಅಳತೆಪಟ್ಟಿ ಹಿಡಿದೆ. ಎಲ್ಲರಿಗಿಂತ ಕೆಟ್ಟ ಅಳತೆ ನನ್ನದೇ. ಆಮೇಲೆ ನಗು, ಆಮೇಲೆ ಕೆಲಸ.

ತಪ್ಪುಗಳು ಸಣ್ಣವು. ಪಟ್ಟಿಯನ್ನು ಬಿಗಿಯಾಗಿ ಎಳೆಯುವುದು. ಭುಜದ ತುದಿಗೂ ಮೊಣಕೈಗೂ ನಡುವಿನ ಜಾಗವನ್ನು ಗುರುತು ಹಾಕದೆ ಕಣ್ಣಂದಾಜಿನಲ್ಲಿ ಹಿಡಿಯುವುದು. ಎಡಗೈ ಸಡಿಲವಾಗಿ ಇಳಿಬಿಟ್ಟಿದೆಯಾ ಎಂದು ನೋಡದಿರುವುದು. ಎತ್ತರದಲ್ಲಿ ಇನ್ನೊಂದು ಗೊಂದಲ: ಎರಡು ವರ್ಷದೊಳಗಿನವರನ್ನು ಮಲಗಿಸಿ ಅಳೆಯಬೇಕು, ಮೇಲಿನವರನ್ನು ನಿಲ್ಲಿಸಿ. ಮಲಗಿಸಿದಾಗ ಸುಮಾರು 0.7 ಸೆಂ.ಮೀ. ಜಾಸ್ತಿ ಬರುತ್ತದೆ. ಹೇಗೆ ಅಳೆದರು ಎಂದು ಬರೆಯಲು ಪುಸ್ತಕದಲ್ಲಿ ಕಾಲಮ್ಮೇ ಇರಲಿಲ್ಲ. ಈಗ ಗೆರೆ ಎಳೆದಿದ್ದೇವೆ.

ವಾರ 4

ಸಲಹೆ ಕೊಡುವಾಗ ಹಿಂದೆ ಸುಮ್ನೆ ಕೂತು ಕೇಳಿದೆ. ಪುಸ್ತಕದಲ್ಲಿ ಎಲ್ಲ ಮಕ್ಕಳ ಮುಂದೆಯೂ 'ಸಲಹೆ ಕೊಟ್ಟಾಗಿದೆ' ಎಂಬ ಟಿಕ್ ಇದೆ. ನಿಜವೇ, ಕೊಡುತ್ತಾರೆ. ಆದರೆ ಏಳು ತಿಂಗಳ ಮಗುವಿನ ತಾಯಿಗೂ ಇಪ್ಪತ್ತು ತಿಂಗಳಿನದರ ತಾಯಿಗೂ ಒಂದೇ ಪಾಠ.

ಪ್ರಶ್ನೆಯನ್ನೂ ಬದಲಿಸಿದೆವು. 'ಬೇರೆ ಬೇರೆ ಆಹಾರ ಕೊಡ್ತೀರಾ?' ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. ನಾವು ಹೇಳಿಕೊಟ್ಟದ್ದನ್ನೇ ನಮಗೆ ತಿರುಗಿಸಿ ಹೇಳುತ್ತಾರೆ, ಅಲ್ವಾ? ಈಗ 'ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ತಿಂತು?' ಎಂದು ಕೇಳಿ, ಎಂಟು ಆಹಾರ ಗುಂಪುಗಳಲ್ಲಿ ಐದಾದರೂ ಇದೆಯಾ ಎಂದು ಎಣಿಸುತ್ತೇವೆ. 6ರಿಂದ 23 ತಿಂಗಳವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಇದೇ. ಎದೆಹಾಲೂ ಅದರಲ್ಲೊಂದು ಗುಂಪು.

ವಾರ 6

ಸರಾಸರಿ ತೂಕ ಏರಿತು. ಖುಷಿಯಿಂದ ಗ್ರಾಫ್ ಮಾಡಿ ಎಲ್ಲರಿಗೂ ಕಳಿಸಿಯೂ ಬಿಟ್ಟೆ. ರಾತ್ರಿ ಹೆಸರುಗಳನ್ನು ಒಂದೊಂದಾಗಿ ನೋಡಿದಾಗ ಗೊತ್ತಾಯಿತು: ತೀರಾ ಸಣಕಲಾಗಿದ್ದ ಕೆಲವು ಮಕ್ಕಳು ಈ ಸಲ ಬಂದೇ ಇಲ್ಲ. ಅವರು ಲೆಕ್ಕದಿಂದ ಬಿದ್ದುಹೋದದ್ದಕ್ಕೆ ಸರಾಸರಿ ಮೇಲೆ ಹೋಗಿದೆ. ಎರಡೂ ತಿಂಗಳು ಬಂದ ಮಕ್ಕಳನ್ನು ಮಾತ್ರ ಇಟ್ಟುಕೊಂಡು ನೋಡಿದರೆ ಗೆರೆ ಹಾಗೇ ಮಲಗಿದೆ. ಬೆಳಗ್ಗೆ ಎದ್ದು ತಿದ್ದುಪಡಿ ಕಳಿಸಿದೆ.

ಬಾರದವರ ಮನೆಗೆ ಹೋದೆವು. ತೂಕದ ಹೊತ್ತಿಗೇ ತಾಯಂದಿರಿಗೆ ಕೆಲಸ. ಇನ್ನೊಂದು ಕಾರಣವನ್ನು ಒಬ್ಬರು ತಡವಾಗಿ, ಬಾಗಿಲ ಹತ್ತಿರ ಹೇಳಿದರು: ಎಲ್ಲರ ಮುಂದೆ ಮಗುವಿನ ತೂಕ ಜೋರಾಗಿ ಓದುತ್ತಾರೆ. ಇದು ಯಾವ ಕಾಲಮ್ಮಿನಲ್ಲೂ ಸಿಗುತ್ತಿರಲಿಲ್ಲ.

ತೂಕವನ್ನು ಸಂಜೆಗೆ ಹಾಕಿದೆವು, ತಕ್ಕಡಿ ಪರದೆ ಹಿಂದೆ ಹೋಯಿತು. ಬರಲಾಗದವರಿಗೆ ತೋಳಿನ ಅಳತೆಪಟ್ಟಿಯನ್ನೇ ಕೊಟ್ಟು ಅಳೆಯುವುದನ್ನು ಹೇಳಿಕೊಟ್ಟೆವು. ತಾಯಂದಿರು ತಾವೇ ಅಳೆಯಬಲ್ಲರು ಎಂದು ನೈಜರ್ ದೇಶದ ಹಳ್ಳಿಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ.

ವಾರ 8

ತಪ್ಪಿಸಿಕೊಂಡವರಲ್ಲಿ ಹೆಚ್ಚಿನವರು ವಾಪಸ್. ಸಮಯ ಬದಲಾದದ್ದಕ್ಕೋ, ಪರದೆಗೋ? ಎರಡನ್ನೂ ಒಟ್ಟಿಗೆ ಮಾಡಿದ್ದರಿಂದ ಹೇಳಲಾರೆ. ತೂಕ ಹಿಡಿಯುವ ಅಕ್ಕ 'ಬಂದ್ರಲ್ಲ, ಸಾಕು ಬಿಡಿ' ಅಂದರು. ನನಗೆ ಸಾಕಾಗಿಲ್ಲ. ಪಕ್ಕದ ಕೇಂದ್ರದಲ್ಲಿ ಮುಂದಿನ ತಿಂಗಳು ಪರದೆ ಮಾತ್ರ ಹಾಕುತ್ತೇವೆ, ಸಮಯ ಮುಟ್ಟುವುದಿಲ್ಲ. ಬಟ್ಟೆ ಹೊಲಿಯಲು ಕೊಟ್ಟಾಗಿದೆ.