ಟಾಂಪೆರೆಯ ಕಾಡಲ್ಲಿ ಹಿಡಿದ ಮೊಣಕೈ ನೋವು

ಮೂಡಿಗೆರೆಯ ತೋಟದ ಮನೆಯಿಂದ ಫಿನ್‌ಲ್ಯಾಂಡಿನ ಟಾಂಪೆರೆಗೆ ಬಂದವನಿಗೆ ಹಿಡಿದ ಹುಚ್ಚು ಡಿಸ್ಕ್ ಗಾಲ್ಫ್. ಕಂಬಕ್ಕೆ ಸರಪಳಿ ತೂಗುಬಿಟ್ಟ ಬುಟ್ಟಿಯೊಂದಿರುತ್ತದೆ. ಪ್ಲಾಸ್ಟಿಕ್ ತಟ್ಟೆಯನ್ನು ಎಷ್ಟು ಕಡಿಮೆ ಎಸೆತದಲ್ಲಿ ಅದರೊಳಗೆ ಬೀಳಿಸುತ್ತೀರಿ ಅನ್ನುವುದೇ ಆಟ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ ಹೆಡ್ರಿಕ್ ಇದಕ್ಕೆ ಈಗಿನ ರೂಪ ಕೊಟ್ಟರು. ಇಲ್ಲಿ ಬರ್ಚ್, ಪೈನ್ ಮರಗಳ ನಡುವೆಯೇ ಅಂಕಣ, ಹೆಚ್ಚಿನ ಕಡೆ ಹಣವನ್ನೂ ಕೇಳುವುದಿಲ್ಲ. ನೆರಳಿನಲ್ಲಿ ನಡೆಯುತ್ತಿದ್ದರೆ ನಮ್ಮ ತೋಟವೇ ನೆನಪಾಗುತ್ತದೆ.

ತಟ್ಟೆಯ ತೂಕ ಹೆಚ್ಚೆಂದರೆ 180 ಗ್ರಾಂ ಆಸುಪಾಸು. ಇಷ್ಟು ಹಗುರದ್ದು ಏನು ಮಾಡೀತು ಅಂದುಕೊಂಡಿದ್ದೆ. ಏಪ್ರಿಲ್‌ನಲ್ಲಿ ಹಿಮ ಕರಗಿದ್ದೇ ತಡ, ಚಳಿಗಾಲವಿಡೀ ಕೂತಿದ್ದ ಕೈಯಲ್ಲಿ ಎರಡೇ ದಿನಕ್ಕೆ ನೂರಾರು ಸಲ ಎಸೆದೆ. ಮೂರನೇ ದಿನ ಕಾಫಿ ಲೋಟ ಎತ್ತಲು ಹೋದರೆ ಮೊಣಕೈಯ ಹೊರಬದಿಯ ಮೂಳೆಯ ಬಳಿ ಚುಳ್ ಅಂದಿತು.

ಫಿಸಿಯೋಥೆರಪಿಸ್ಟ್ ಬಿಡಿಸಿ ಹೇಳಿದರು. ತಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದು ಬೀಸುವಾಗ ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳಲ್ಲಿ ಹೆಚ್ಚಿನವು ಸೇರಿಕೊಳ್ಳುವುದು ಹೊರಬದಿಯ ಆ ಮೂಳೆಗೇ. ಹಿಂಗೈ (ಬ್ಯಾಕ್‌ಹ್ಯಾಂಡ್) ಎಸೆತದಲ್ಲಿ ಸ್ನಾಯುವನ್ನು ಮೂಳೆಗೆ ಕಟ್ಟುವ ಹೊರಬದಿಯ ಸ್ನಾಯುರಜ್ಜು ಸವೆಯುತ್ತದೆ, ಮುಂಗೈ (ಫೋರ್‌ಹ್ಯಾಂಡ್) ಎಸೆತದಲ್ಲಿ ಒಳಬದಿಯದ್ದು. ಭುಜ, ಸೊಂಟ ಹಿಡಿದುಕೊಳ್ಳುವುದೂ ಈ ಆಟದಲ್ಲಿ ಸಾಮಾನ್ಯ. ಓಡಿಬಂದು ಊರಿದ ಕಾಲು ಅಲ್ಲೇ ಕಚ್ಚಿಕೊಂಡು ಮೈ ಮಾತ್ರ ತಿರುಗಿದರೆ ಮಂಡಿಗೆ ಏಟು. ಒದ್ದೆ ಬೇರಿನ ಮೇಲೆ ಪಾದ ಉಳುಕುವುದನ್ನು ಮಲೆನಾಡಿನವರಿಗೆ ಹೇಳಬೇಕಿಲ್ಲ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದ್ದೆ.

"ಅದೇ ಕಣೋ, ನಂಗೂ ಅಲ್ಲೇ ಹಿಡಿಯೋದು. ಬಟ್ಟೆ ಹಿಂಡಕ್ಕಾಗಲ್ಲ."

ನನಗೆ ಮಾತು ಹೊರಡಲಿಲ್ಲ. ಕೊಯ್ಲು ಮುಗಿದ ಮೇಲೆ ಪ್ರತಿವರ್ಷ ಗಿಡಗಸಿ, ಅಂದರೆ ಕಾಫಿ ಗಿಡದ ಬೇಡದ ರೆಂಬೆ ಕತ್ತರಿಸುವ, ಸಮಯದಲ್ಲಿ ಬೆಳಗಿಂದ ಸಂಜೆವರೆಗೆ ಕತ್ತರಿ ಒತ್ತುವ ಕೈ ಅದು. ವಾಯು ಅಂತ ನಾವೆಲ್ಲ ನೀಲಗಿರಿ ಎಣ್ಣೆ ತಿಕ್ಕಿ ಸುಮ್ಮನಾಗುತ್ತಿದ್ದೆವು. ಆಟವಾಡಿ ನೋವು ತಂದುಕೊಂಡ ನನಗೆ ಒಂದೇ ವಾರದಲ್ಲಿ ಚಿಕಿತ್ಸೆ ಸಿಕ್ಕಿತು. ದುಡಿದು ತಂದುಕೊಂಡ ಅಮ್ಮನಿಗೆ ಆ ನೋವು ಏನೆಂದು ಹೇಳಿದವರೂ ಇರಲಿಲ್ಲ. ಈ ಮಾತು ನನ್ನನ್ನು ಈಗಲೂ ಕಾಡುತ್ತದೆ.

ನನಗೆ ಹೇಳಿಕೊಟ್ಟದ್ದನ್ನೇ ಬರೆಯುತ್ತೇನೆ. ಕೈಯನ್ನು ಪೂರ್ತಿ ಕಟ್ಟಿಹಾಕಬೇಡಿ, ನೋವು ಕೆರಳಿಸುವ ಕೆಲಸ ಕಡಿಮೆ ಮಾಡಿ. ಮಣಿಕಟ್ಟು ಅಂಚಿನಿಂದಾಚೆ ಬರುವಂತೆ ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿಸಿ, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಿರಿ. ಇನ್ನೊಂದು ಕೈಯ ಆಸರೆಯಲ್ಲಿ ಮಣಿಕಟ್ಟು ಮೇಲೆತ್ತಿ, ಆಸರೆ ಬಿಟ್ಟು ಐದು ಎಣಿಸುವಷ್ಟು ನಿಧಾನವಾಗಿ ಇಳಿಸಿ. ತಾಕತ್ತು ವಾರದಲ್ಲಿ ಬರುವುದಿಲ್ಲ, ತಿಂಗಳುಗಳು ಬೇಕು. ಆದರೆ ಕೈಯಲ್ಲಿ ಏನೋ ಕಿತ್ತುಬಂದಂತಾದರೆ, ಊದಿಕೊಂಡರೆ, ಕಿರುಬೆರಳು ಜೋಮು ಹಿಡಿದರೆ ಇದನ್ನೆಲ್ಲ ಬಿಟ್ಟು ವೈದ್ಯರಲ್ಲಿಗೆ ಹೋಗಿ.

ನಾನೀಗ ಎಸೆಯುವ ಮೊದಲು ಹತ್ತು ನಿಮಿಷ ನಡೆದು, ಭುಜ ಬಿಸಿ ಮಾಡಿಕೊಳ್ಳುತ್ತೇನೆ. ಭಾನುವಾರ ವಿಡಿಯೋ ಕರೆಯಲ್ಲಿ ಅಮ್ಮನದೂ ನನ್ನದೂ ಬಾಟಲಿ ಒಟ್ಟಿಗೆ ಇಳಿಯುತ್ತದೆ.

"ನಿಧಾನ ಅಮ್ಮ, ಇಳಿಸೋವಾಗಲೇ ಅದರ ಕೆಲಸ."

"ಗೊತ್ತಾಯ್ತು. ಕಸಿಗೆ ಬರೋ ಹೆಂಗಸರಲ್ಲಿ ಮೂವರಿಗೆ ಇದೇ ನೋವಂತೆ. ನಾಳೆಯಿಂದ ಅವರಿಗೆ ಮಧ್ಯಾಹ್ನದ ಮೇಲೆ ಕತ್ತರಿ ಕೊಡಬೇಡಿ ಅಂತ ನಿಮ್ಮಪ್ಪಂಗೆ ಹೇಳಿದೀನಿ."