ತಾತನ ಗಡಿಯಾರ

ಹೋದ ವಾರ ಬೀರು ಒರೆಸುವಾಗ ತಾತನ ಎಚ್‌ಎಂಟಿ ಜನತಾ ಸಿಕ್ಕಿತು. ಸುಮ್ನೆ ಕೀ ಕೊಟ್ಟೆ, ಓಡಿಯೇ ಬಿಟ್ಟಿತು!

ತಾತ ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯಲ್ಲಿದ್ದವರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಶುರುವಾದ ಕಾರ್ಖಾನೆ ಅದು. ದಿನವಿಡೀ ಸಾಸಿವೆಗಿಂತ ಚಿಕ್ಕ ಸ್ಕ್ರೂ ಕೂರಿಸುತ್ತಿದ್ದ ಕೈ, ಸಂಜೆ ಮನೆಗೆ ಬಂದರೆ ತೊಡೆಯ ಮೇಲೆ ಆದಿತಾಳ ಹಾಕುತ್ತಿತ್ತು.

ರಾಮನವಮಿ ಬಂದರಂತೂ ಕೇಳಲೇಬೇಡಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಸಂಗೀತ ಕಚೇರಿಗೆ ಇಡೀ ಮನೆ ಹೊರಡಬೇಕು. ಅಜ್ಜಿ ಪುಳಿಯೋಗರೆ ಕಟ್ಟಿಕೊಳ್ಳುತ್ತಿದ್ದರು. ನಮಗೋ ಪಾನಕ, ಕೋಸಂಬರಿಯ ಮೇಲೇ ಕಣ್ಣು. ತನಿ ಆವರ್ತನ, ಅಂದರೆ ಮೃದಂಗದಂಥ ತಾಳವಾದ್ಯದವರೇ ನುಡಿಸುವ ಸರದಿ, ಶುರುವಾದ ಕೂಡಲೇ ಜನ ಕಾಫಿಗೆ ಎದ್ದರೆ ತಾತನಿಗೆ ಎಲ್ಲಿಲ್ಲದ ಸಿಟ್ಟು. "ಎಲೆ ಹಾಕಿ ಬಡಿಸೋ ಹೊತ್ತಿಗೆ ಎದ್ದು ಹೋಗ್ತಾರಲ್ಲೋ!" ಅನ್ನುತ್ತಿದ್ದರು. (ಅವರಿಗೂ ಕಾಫಿ ಹುಚ್ಚು ಜಾಸ್ತಿಯೇ ಇತ್ತು, ಅದು ಬೇರೆ ಮಾತು.) ಅಷ್ಟರಲ್ಲಿ ನಾನು ಅವರ ಮಡಿಲಲ್ಲಿ ನಿದ್ದೆ. ತಾಳ ಮಾತ್ರ ನಿಲ್ಲುತ್ತಿರಲಿಲ್ಲ. ನನ್ನ ಬೆನ್ನ ಮೇಲೇ ಒಂದು ತಟ್ಟು, ಮೂರು ಬೆರಳು. ಆ ಎಣಿಕೆ ನನಗೆ ಮಗ್ಗಿಗಿಂತ ಮೊದಲು ಬಂತು.

ಗಡಿಯಾರ ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತಿದೆ. ರಿಪೇರಿಗೆ ಕೊಡೋಣ್ವಾ ಅಂದೆ. "ಬೇಡ, ಹಾಗೇ ಇರಲಿ" ಅಂದರು ಅಮ್ಮ.